ಕಾಂಬೋಡಿಯಾದ ಅರಮನೆ ನೃತ್ಯ: ಹಳೇ ಫಿಲ್ಮಲ್ಲಿ ಎಷ್ಟು ಉಳಿದಿದೆ?

ಕಾಂಬೋಡಿಯಾದ ಅರಮನೆ ನೃತ್ಯದ ನೂರು ವರ್ಷ ಹಳೇ ಕಪ್ಪು-ಬಿಳುಪು ತುಣುಕುಗಳನ್ನ ಆನ್‌ಲೈನಲ್ಲಿ ನೋಡಿದ್ರೆ ಕುಣಿಯೋ ಹುಡುಗೀರೆಲ್ಲ ಏನೋ ಗಡಿಬಿಡೀಲಿ ಇದ್ದ ಹಾಗೆ ಕಾಣ್ತಾರೆ. ನಿಜದಲ್ಲಿ ಇಷ್ಟು ನಿಧಾನದ ನೃತ್ಯ ಇನ್ನೊಂದು ಸಿಗೋದು ಕಷ್ಟ. ಗಡಿಬಿಡಿ ಇರೋದು ಅದನ್ನ ತೋರಿಸೋ ಮಷೀನಲ್ಲಿ, ಮತ್ತೆ ಈ ವಿಷಯ ಸರಿಯಾಗಿ ಗೊತ್ತಿಲ್ದೆ ಆ ಫಿಲ್ಮುಗಳನ್ನ ನೋಡಿದ್ರೆ ನೃತ್ಯವೇ ತಪ್ಪಾಗಿ ಅರ್ಥ ಆಗುತ್ತೆ.

ಫ್ರಾನ್ಸಿನ ಲೂಮಿಯೇರ್ ಕಂಪನಿ ಪರವಾಗಿ ಗ್ಯಾಬ್ರಿಯಲ್ ವೇರ್ ಅನ್ನೋ ಕ್ಯಾಮೆರಾಮನ್ 1899ರ ಹೊತ್ತಿಗೆ ಆಗ ಫ್ರೆಂಚರ ಕೈಲಿದ್ದ ಇಂಡೋಚೈನಾಕ್ಕೆ ಹೋಗಿ ಕಾಂಬೋಡಿಯಾದ ದೊರೆ ನೊರೊಡೊಮ್‌ನ ನರ್ತಕಿಯರನ್ನ ಚಿತ್ರೀಕರಿಸಿದ. ಆಗಿನ ಲೂಮಿಯೇರ್ ಕ್ಯಾಮೆರಾ ಅಂದ್ರೆ ಕೈಯಲ್ಲಿ ಹ್ಯಾಂಡಲ್ ತಿರುಗಿಸೋದು, ಒಂದು ರೋಲು ಸುಮಾರು 17 ಮೀಟರು, ಸೆಕೆಂಡಿಗೆ ಹೆಚ್ಚುಕಮ್ಮಿ 16 ಫ್ರೇಮು, ಒಟ್ಟು 50 ಸೆಕೆಂಡಿಗೆ ರೋಲು ಮುಗೀತು. ಅಂದ್ರೆ ಕೈಯಲ್ಲಿರೋದು 800 ಚಿತ್ರ ಅಷ್ಟೇ. ಮಾತಿನ ಸಿನಿಮಾ ಬಂದ ಮೇಲೆ ಸ್ಪೀಡು 24 ಫ್ರೇಮಿಗೆ ನಿಂತ್ಕೊಂಡ್ತು. ಅದೇ 800 ಚಿತ್ರಾನ 24ರ ಲೆಕ್ಕದಲ್ಲಿ ಓಡಿಸಿದ್ರೆ 33 ಸೆಕೆಂಡಲ್ಲಿ ಮುಗಿದುಹೋಗುತ್ತೆ! ಮೂರು ಸೆಕೆಂಡು ತಗೊಂಡು ಮೇಲೇರೋ ತೋಳು ಎರಡೇ ಸೆಕೆಂಡಲ್ಲಿ ಏರುತ್ತೆ. ಓಡೋ ಕುದುರೆನೋ ಪೆರೇಡೋ ಆಗಿದ್ರೆ ಪರವಾಗಿಲ್ಲ ಅನ್ಬಹುದು, ಆದ್ರೆ ನಿಧಾನವನ್ನೇ ಕಲೆ ಮಾಡ್ಕೊಂಡಿರೋ ನೃತ್ಯಕ್ಕೆ ಇದು ದೊಡ್ಡ ನಷ್ಟ.

ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಒಂದು ಕೈಯನ್ನ ಮಾತ್ರ ನೋಡಿ. ಈ ನೃತ್ಯದ ಭಂಗಿಗಳಿಗೆ ಕ್ಬಾಚ್ ಅಂತಾರೆ. ತೋರುಬೆರಳು ನೆಟ್ಟಗೆ ಮೇಲೆ ನಿಂತ್ರೆ ಮೊಳಕೆ, ಅಂಗೈ ಬಿಚ್ಚಿ ನಾಲ್ಕೂ ಬೆರಳು ಹಿಂದಕ್ಕೆ ಬಾಗಿದ್ರೆ ಎಲೆ, ಆಮೇಲೆ ಹೂವು, ಹಣ್ಣು, ಉದುರೋದು, ಮತ್ತೆ ಮೊಳಕೆ. ಆ ಬೆರಳು ಎಷ್ಟು ಬಾಗುತ್ತೆ ಅಂದ್ರೆ ಮಣಿಕಟ್ಟಿನ ಕಡೆಗೇ ತಿರುಗಿರುತ್ತೆ, ಅದಕ್ಕೋಸ್ಕರ ಚಿಕ್ಕ ವಯಸ್ಸಿಂದ ದಿನಾ ಬೆರಳು ಒತ್ತಿ ಒತ್ತಿ, ಮೊಣಕೈ ಹಿಂದಕ್ಕೆ ಬಾಗಿಸಿ ಕೀಲು ಸಡಿಲ ಮಾಡ್ತಾರೆ. ಎಲೆಯಿಂದ ಹೂವಿಗೆ ಹೋಗುವಾಗ ಕೈ ಎಲ್ಲೂ ತಟ್ಟಂತ ನಿಲ್ಲಬಾರದು, ಆ ಹರಿವಲ್ಲೇ ನೃತ್ಯ ಇರೋದು. ಹಳೇ ಫಿಲ್ಮಲ್ಲಿ ಎಲೆ ಸಿಗುತ್ತೆ, ಹೂವೂ ಸಿಗುತ್ತೆ, ಮಧ್ಯದ್ದು ಜರ್ಕ್ ಹೊಡೆಯುತ್ತೆ. ಈಗ ಕೆಲವರು ಎಐ ಹಾಕಿ ಮಧ್ಯದ ಫ್ರೇಮುಗಳನ್ನ ಹುಟ್ಟಿಸಿ ಸ್ಮೂತ್ ಮಾಡ್ತಾರೆ, ನೋಡೋಕೆ ಚಂದ, ಆದ್ರೆ ಆ ಬೆರಳು ಯಾರೂ ಆಡಿಸಿದ ಬೆರಳಲ್ಲ. ಅಂಥದ್ದನ್ನ ನೋಡಿ ಮಕ್ಕಳಿಗೆ ಕಲಿಸೋದು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಬಣ್ಣದ ಕಥೆನೂ ಹಾಗೇ. ಆಗಿನ ಫಿಲ್ಮಿಗೆ ಕೆಂಪು ಬೆಳಕು ಕಾಣ್ತಾನೇ ಇರ್ಲಿಲ್ಲ, ನೀಲಿ ಚೆನ್ನಾಗಿ ಕಾಣ್ತಿತ್ತು. ಹಾಗಾಗಿ ಕೆಂಪು ರೇಷ್ಮೆ ಕಪ್ಪಾಗಿ ಬಂದಿರುತ್ತೆ. ಪ್ರದರ್ಶನಕ್ಕೆ ಮುಂಚೆ ಉಡುಪನ್ನ ಮೈಮೇಲೇ ಬಿಗಿಯಾಗಿ ಸೂಜಿ-ದಾರದಲ್ಲಿ ಹೊಲೀತಾರೆ, ಆ ಹೊಲಿಗೆ ಕೆಲಸ ಆಗಿನ ಫಿಲ್ಮಲ್ಲಿ ಎಲ್ಲಿ ಕಾಣ್ಬೇಕು. ಶಬ್ದವಂತೂ ಇಲ್ವೇ ಇಲ್ಲ, ಪಿನ್‌ಪೀಟ್ ವಾದ್ಯಮೇಳ ಮತ್ತೆ ಕಥೆ ಹಾಡೋ ಹೆಂಗಸರು ಇಲ್ದೆ ನೃತ್ಯ ಅರ್ಧ. ಕಥೆ ನಮಗೆ ಗೊತ್ತಿರೋದೇ, ಅವರ ರಾಮಾಯಣದ ಹೆಸರು ರೀಮ್‌ಕೇರ್, ಅದರಲ್ಲಿ ಹನುಮಂತ ಮತ್ಸ್ಯಕನ್ಯೆ ಸೊವನ್ ಮಚ್ಛಾಳಿಗೆ ಮನಸೋಲೋ ಭಾಗ ಅಂದ್ರೆ ಜನಕ್ಕೆ ತುಂಬಾ ಇಷ್ಟ.

ಇಷ್ಟೆಲ್ಲ ಕೊರತೆ ಇದ್ರೂ ಈ ಫಿಲ್ಮುಗಳಿಗೆ ಇಷ್ಟು ಬೆಲೆ ಯಾಕೆ ಅಂದ್ರೆ 1975ರಿಂದ 79ರವರೆಗೆ ಖ್ಮೇರ್ ರೂಜ್ ಅನ್ನೋ ಕಮ್ಯುನಿಸ್ಟರ ಆಡಳಿತದಲ್ಲಿ ಸುಮಾರು 17 ಲಕ್ಷ ಜನ ಸತ್ತರು, ಕಲಾವಿದರಲ್ಲಿ ಶೇಕಡಾ 90ರಷ್ಟು ಉಳೀಲಿಲ್ಲ ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು. ಉಳಿದವರಲ್ಲಿ ಚಿಕ್ಕಂದಿನಿಂದ ಅರಮನೇಲಿ ಕಲಿತ ಚಿಯಾ ಸಾಮಿ ಒಬ್ಬರು. ಅವರು ಆ ಆಡಳಿತದ ನಾಯಕ ಪೋಲ್ ಪಾಟ್‌ನ ಅತ್ತಿಗೆ, ಅವನ ಅಣ್ಣನ ಹೆಂಡತಿ, ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ತೊಳಸುತ್ತೆ. 1981ರಲ್ಲಿ ಲಲಿತಕಲಾ ಶಾಲೆ ಮತ್ತೆ ತೆರೆದಾಗ ಅವರಂಥವರು ಕೂತು, ಒಬ್ಬೊಬ್ಬರಿಗೆ ನೆನಪಿರೋದನ್ನ ಸೇರಿಸಿ ಸೇರಿಸಿ ನೃತ್ಯ ಕಟ್ಟಿದ್ರು. ಫಿಲ್ಮು ಸಾಕ್ಷಿ ಹೇಳುತ್ತೆ, ಆ ಸಾಕ್ಷಿನ ಓದೋಕೆ ಕಲಿತಿರೋ ಮೈ ಬೇಕು. ಭಾರ ಯಾವ ಕಾಲಿನ ಮೇಲಿದೆ, ಉಸಿರು ಎಲ್ಲಿ ಹಿಡಿದ್ಲು, ಇದನ್ನೆಲ್ಲ ಒಂದೇ ಕಡೆಯಿಂದ ತೆಗೆದ ಚಿತ್ರ ನೋಡಿ ಹೇಳೋಕೆ ಆಗೋದು ಆ ಕೆಲಸ ತಾನೇ ಮಾಡಿದವರಿಗೆ ಮಾತ್ರ.

ಸಾಕ್ಷಿನೂ ಸಾಯುತ್ತೆ ಅನ್ನೋದು ಇನ್ನೊಂದು ಸಂಕಟ. 1950ರ ಆಸುಪಾಸಿನವರೆಗೂ 35 ಎಂಎಂ ಫಿಲ್ಮುಗಳು ಹೆಚ್ಚಾಗಿ ನೈಟ್ರೇಟಿನವು, ಆಮ್ಲಜನಕ ಅದರ ಅಣುವಿನಲ್ಲೇ ಇರೋದ್ರಿಂದ ಬೆಂಕಿ ಹತ್ತಿದ್ರೆ ನೀರಲ್ಲಿ ಮುಳುಗಿಸಿದ್ರೂ ಉರಿಯುತ್ತೆ. ಆಮೇಲಿನ ಅಸಿಟೇಟ್ ಫಿಲ್ಮು ಅಷ್ಟು ಸುಲಭವಾಗಿ ಉರಿಯಲ್ಲ, ಆದ್ರೆ ಗಾಳಿಯ ತೇವ ಹಿಡಿದು ಒಳಗಿಂದ ಅಸಿಟಿಕ್ ಆಮ್ಲ ಬಿಡೋಕೆ ಶುರು ಮಾಡುತ್ತೆ, ಡಬ್ಬಿ ತೆಗೆದ್ರೆ ವಿನೆಗರ್ ವಾಸನೆ. ಆ ಆಮ್ಲವೇ ಮುಂದಿನ ಕ್ರಿಯೆಯನ್ನ ಜೋರು ಮಾಡುತ್ತೆ, ಡಬ್ಬಿ ಮುಚ್ಚಿಟ್ರೆ ಇನ್ನೂ ಬೇಗ. ಫಿಲ್ಮು ಕುಗ್ಗುತ್ತೆ, ಶೇಕಡಾ ಒಂದರಷ್ಟು ಕುಗ್ಗಿದ್ರೆ ಸಾಕು, ಅಂಚಿನ ತೂತುಗಳು ಪ್ರೊಜೆಕ್ಟರ್ ಹಲ್ಲಿಗೆ ಸರಿಯಾಗಿ ಕೂರಲ್ಲ. ಮೇಲಿನ ಜೆಲಾಟಿನ್ ಪದರಕ್ಕೆ ಬೂಸಲು ಬೇರೆ. ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಂಥ ಸೆಕೆ-ಮಳೆ ಊರಲ್ಲಿ ಇದೆಲ್ಲ ಬೇಗ ಬೇಗ ಆಗುತ್ತೆ. ಕಾಪಾಡೋಕೆ ಇರೋ ದಾರಿ ತಂಪು, ಒಣ ಗಾಳಿ, ಮತ್ತೆ ಕೆಡೋದಕ್ಕಿಂತ ಮುಂಚೆ ಸ್ಕ್ಯಾನ್ ಮಾಡೋದು.

ನಾಮ್ ಪೆನ್‌ನ ಬೊಫಾನಾ ಕೇಂದ್ರ 2006ರಿಂದ ಈ ಕೆಲಸ ಮಾಡ್ತಾ ಇದೆ, ನಿರ್ದೇಶಕ ರಿಥಿ ಪಾನ್ ಇದರ ಸ್ಥಾಪಕರಲ್ಲೊಬ್ಬರು. ಫ್ರಾನ್ಸಿನ ಆರ್ಕೈವುಗಳಲ್ಲಿದ್ದ ಕಾಂಬೋಡಿಯಾದ ಚಿತ್ರಗಳ ಪ್ರತಿಗಳನ್ನ ವಾಪಸ್ ತಂದು ಅಲ್ಲಿನ ಜನಕ್ಕೆ ಫ್ರೀಯಾಗಿ ತೋರಿಸ್ತಾರೆ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ 2008ರಲ್ಲಿ ಶುರುವಾದ ಖ್ಮೇರ್ (ಅಂದ್ರೆ ಕಾಂಬೋಡಿಯಾದ) ನೃತ್ಯ ಯೋಜನೆಯ ವಿಡಿಯೋಗಳಿವೆ. ಅದರಲ್ಲಿ ನರ್ತಕಿಯರ ಜೊತೆ ವಾದ್ಯದವರನ್ನ, ಹಾಡೋರನ್ನ, ಉಡುಪು ಹೊಲಿಯೋರನ್ನೂ ಮಾತಾಡಿಸಿದ್ದಾರೆ, ಅದು ನಂಗೆ ತುಂಬಾ ಹಿಡಿಸಿದ್ದು. ಅದನ್ನ ಮೊದಲು ನೋಡಿ, ಹಳೇ ತುಣುಕು ಆಮೇಲೆ. ಹಳೇದ್ರಲ್ಲಿ ಹಿಂದೆ ಓಡಾಡೋ ಜನ ಇದ್ರೆ ಅವರ ನಡಿಗೆ ಗಮನಿಸಿ, ಪುಟುಪುಟು ಅಂತ ನಡೀತಿದ್ರೆ ಸ್ಪೀಡು ಜಾಸ್ತಿ ಇದೆ ಅಂತ, ಪ್ಲೇಯರಲ್ಲಿ 0.75ಕ್ಕೆ ಇಳಿಸ್ಕೊಂಡು ನೋಡಿ.