ಹಾವಿನ ಪೆಟ್ಟಿಗೆಯ ಗಾಳಿ ಒಣಗುವುದೇಕೆ?

ಎಲ್ಲ ಸರಿಯಿದ್ದರೆ ಪೆಟ್ಟಿಗೆಯಲ್ಲಿ ಸಾಕಿದ ಹಾವಿನ ಪೊರೆ ಮೂತಿಯಿಂದ ಬಾಲದ ತುದಿವರೆಗೆ ಒಂದೇ ತುಂಡಾಗಿ, ಒಳಗಿನದು ಹೊರಗಾಗಿ ಕಳಚಿ ಬರುತ್ತದೆ. ಅದನ್ನು ಬಿಡಿಸಿ ನೋಡಿ. ಕಣ್ಣಿದ್ದ ಜಾಗದಲ್ಲಿ ಎರಡು ಪುಟ್ಟ ಪಾರದರ್ಶಕ ಬಿಲ್ಲೆಗಳು ಇರಬೇಕು. ಹಾವಿಗೆ ರೆಪ್ಪೆ ಇಲ್ಲವಲ್ಲ, ಕಣ್ಣನ್ನು ಕಾಯುವುದು ಆ ಬಿಲ್ಲೆಯೇ. ಅದು ಕಣ್ಣಿನ ಮೇಲೇ ಉಳಿದರೆ ಉಗುರಿನಿಂದ ಕೀಳಲು ಹೋಗಬೇಡಿ, ಪಶುವೈದ್ಯರಿಗೆ ತೋರಿಸಿ.

ಪೊರೆ ಬಿಡುವ ಮುಂಚೆ ಹಳೆ ಮತ್ತು ಹೊಸ ಚರ್ಮದ ನಡುವೆ ದ್ರವ ತುಂಬಿಕೊಳ್ಳುತ್ತದೆ. ಕಣ್ಣು ನೀಲಿಯಾಗಿ ಮಬ್ಬಾಗುವುದು ಆಗಲೇ. ಗಾಳಿ ತೀರಾ ಒಣಗಿದ್ದರೆ ಹಳೆ ಪದರ ಸುಲಭವಾಗಿ ಬಿಡುವುದಿಲ್ಲ, ಚೂರುಚೂರಾಗಿ ಕಿತ್ತು ಬರುತ್ತದೆ.

ಬಟ್ಟಲಲ್ಲಿ ನೀರಿದೆ, ಆದರೂ ಒಣಗುವುದೇಕೆ? ತಪ್ಪು ಹೆಚ್ಚಾಗಿ ಪೆಟ್ಟಿಗೆಯನ್ನು ಬೆಚ್ಚಗಿಡುವ ಬಿಸಿ ದೀಪದ್ದು. ತೇವ ಅಳೆಯುವ ಮೀಟರ್ ತೋರಿಸುವ ಶೇಕಡಾ ಅಂದರೆ ಗಾಳಿಯಲ್ಲಿರುವ ನೀರಿನ ಅಳತೆಯಲ್ಲ. ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ. ಬಿಸಿ ಏರಿದಂತೆ ಗಾಳಿಯ ದಾಹವೂ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 60 ತೇವವಿದ್ದ ಗಾಳಿಯನ್ನು 32 ಡಿಗ್ರಿಗೆ ಕಾಯಿಸಿ. ಒಂದು ಹನಿಯೂ ಹೊರಹೋಗದಿದ್ದರೂ ಅದು ಸುಮಾರು ಶೇ. 40 ಆಗಿಬಿಡುತ್ತದೆ! ಮೇಲೆ ಜಾಲರಿ ಮುಚ್ಚಳವಿದ್ದರೆ ಬಿಸಿ ಗಾಳಿ ತೇವವನ್ನೂ ಹೊತ್ತುಕೊಂಡು ಹೋಗುತ್ತದೆ.

ಇದಕ್ಕೆ ಎಲ್ಲರೂ ಮಾಡುವುದು ಒಂದೇ, ಸ್ಪ್ರೇ ಹೊಡೆಯುವುದು. ಮೀಟರ್ ಸರ್ರನೆ ಏರಿ, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ. ಸುಮ್ನೆ ಕೈನೋವು ಅಷ್ಟೇ. ಅದರ ಬದಲು ತೆಂಗಿನ ನಾರಿನ ಪುಡಿಯನ್ನು ದಪ್ಪಗೆ ಹಾಸಿ, ಮೂಲೆಗಳಲ್ಲಿ ನೀರು ಸುರಿಯಿರಿ. ಕೆಳಪದರ ತೇವ ಹಿಡಿದು ನಿಧಾನವಾಗಿ ಬಿಡುತ್ತದೆ, ಮೇಲ್ಪದರ ಒಣಗಿರುತ್ತದೆ. ಮೇಲ್ಪದರ ಒಣಗಿರಲೇಬೇಕು. ಸದಾ ಒದ್ದೆ ನೆಲದ ಮೇಲೆ ಬಿದ್ದುಕೊಂಡ ಹಾವಿಗೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ. ಮುಚ್ಚಳದ ಒಂದಿಷ್ಟು ಭಾಗ ಮುಚ್ಚಬಹುದು, ಪೂರ್ತಿ ಬೇಡ. ಗಾಳಿಯಾಡದ ತೇವ ಬೂಸ್ಟು ತರುತ್ತದೆ, ಉಸಿರಾಟದ ಕಾಯಿಲೆಗೂ ದಾರಿ ಮಾಡುತ್ತದೆ.

ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವಿಗೆ ತೇವ ಶೇ. 60ರ ಮೇಲಿದ್ದರೆ ಒಳ್ಳೆಯದು. ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಸಾಕು ಹಾವಿಗೆ ಅಷ್ಟು ಜಾಸ್ತಿ ಬೇಕಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಣ ಉಪಾಯವೆಂದರೆ ಒದ್ದೆ ಪಾಚಿ (ಸ್ಫ್ಯಾಗ್ನಮ್ ಮಾಸ್) ತುಂಬಿದ ಒಂದು ಮುಚ್ಚಿದ ಡಬ್ಬಿ, ಹಾವು ನುಸುಳುವಷ್ಟು ತೂತು. ಬೇಕೆನಿಸಿದಾಗ ಅದೇ ಒಳಗೆ ಹೋಗುತ್ತದೆ.

ಅಂದಹಾಗೆ, ಮೀಟರನ್ನೇ ಒಮ್ಮೆ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದ ಹಾಗೆ ಒಂದೆರಡು ಹನಿ ನೀರು ಬಿಟ್ಟು, ಮೀಟರ್ ಜೊತೆ ಗಾಳಿಯಾಡದ ಚೀಲದಲ್ಲಿಡಿ. ಮರುದಿನ ಅದು ಶೇ. 75 ತೋರಿಸಬೇಕು. 68 ಅಂದರೆ ಏಳು ಸೇರಿಸಿ ಓದಿಕೊಳ್ಳಿ.