ಹುಬ್ಬಳ್ಳಿಯಿಂದ ಹೊರಟರೆ ಕ್ಯೂಬಾ ನಿರ್ಬಂಧ ತಟ್ಟುವುದಿಲ್ಲವೇ?

ಪ್ರಶ್ನೆ: ಮಗ ಅಮೆರಿಕದ ನಾಗರಿಕ. ದೀಪಾವಳಿಗೆ ಹುಬ್ಬಳ್ಳಿಗೆ ಬರುತ್ತಾನೆ. ಇಲ್ಲಿಂದಲೇ ಮೂವರೂ ಕ್ಯೂಬಾ ನೋಡಿ ಬರಬಹುದೇ?

ವಿದ್ಯಾನಗರದಿಂದ, ಸಪ್ತಾಪುರದಿಂದ, ರಾಣೆಬೆನ್ನೂರಿನಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಅಮೆರಿಕ ತನ್ನವರು ಅನುಮತಿ ಇಲ್ಲದೆ ಕ್ಯೂಬಾದಲ್ಲಿ ವ್ಯವಹಾರ ಮಾಡದಂತೆ ನಿರ್ಬಂಧ ಹಾಕಿದೆ, ಗೊಂದಲ ಅಲ್ಲಿಂದಲೇ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ತಂದೆ ತಾಯಿಯ ವಿಚಾರ ಸುಲಭ. ನಿಮ್ಮದು ಭಾರತದ ಪಾಸ್‌ಪೋರ್ಟ್, ವಾಸವೂ ಇಲ್ಲೇ. ಕ್ಯೂಬಾದ ವೀಸಾ ಸಿಕ್ಕರೆ ಹೋಗಿ ಬನ್ನಿ. ಅಮೆರಿಕದ ಬ್ಯಾಂಕಿನ ಕಾರ್ಡು ಅಲ್ಲಿ ನಡೆಯುವುದಿಲ್ಲ, ಅಷ್ಟು ನೆನಪಿರಲಿ. 2021ರ ಜನವರಿ 12ರ ನಂತರ ಕ್ಯೂಬಾಕ್ಕೆ ಹೋದವರು ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗುವಂತಿಲ್ಲ ಎಂಬ ನಿಯಮ ಕೇಳಿ ಹೆದರಬೇಡಿ. ಭಾರತದವರಿಗೆ ಆ ಸೌಲಭ್ಯ ಮೊದಲೇ ಇಲ್ಲ. ನಾವು ಹೇಗಿದ್ದರೂ ವೀಸಾ ತೆಗೆಸಲೇಬೇಕು, ಅಲ್ವಾ?

ತೊಡಕು ಮಗನದು. "ಮುಂಬೈಯಿಂದ ವಿಮಾನ ಹತ್ತಿದರೆ ಅಮೆರಿಕದ ಕಾನೂನು ಏನು ಮಾಡುತ್ತೆ?" ಎಂದು ಎಲ್ಲರೂ ಕೇಳುತ್ತಾರೆ. ಹುಬ್ಬಳ್ಳಿಯ ಸೊಸೈಟಿಯಲ್ಲಿ ಸಾಲ ತೆಗೆದವರು ಗದಗಕ್ಕೆ ಮನೆ ಬದಲಿಸಿದರೆ ಕಂತು ತಪ್ಪುತ್ತದೆಯೇ? ಇದೂ ಹಾಗೆಯೇ. 1963ರ ಕ್ಯೂಬಾ ನಿಯಮಗಳು ಅಮೆರಿಕದ ನಾಗರಿಕರಿಗೂ ಅಲ್ಲಿನ ನಿವಾಸಿಗಳಿಗೂ, ಅವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅನ್ವಯಿಸುತ್ತವೆ. ಗ್ರೀನ್ ಕಾರ್ಡಿನವರೂ ಇದರಲ್ಲಿ ಬಂದರು. ಪಾಸ್‌ಪೋರ್ಟಿನಲ್ಲಿ ಮುದ್ರೆ ಬೀಳದಿದ್ದರೂ ಅಷ್ಟೇ.

ಇನ್ನೊಂದು ಮಾತು ಸರಿಯಾಗಿ ತಿಳಿದುಕೊಳ್ಳಿ. ಈ ನಿಯಮಗಳು ಹಿಡಿಯುವುದು ಕಾಲಿಡುವುದನ್ನಲ್ಲ, ವ್ಯವಹಾರವನ್ನು. ಅದಕ್ಕೇ ಇವುಗಳ ಉಸ್ತುವಾರಿ ಅಮೆರಿಕದ ಖಜಾನೆ ಇಲಾಖೆಯದು. "ಹಾಗಾದರೆ ಖರ್ಚೆಲ್ಲ ಅಪ್ಪ ಕೊಡಲಿ" ಎನ್ನುತ್ತೀರಿ. ಅದೂ ನಡೆಯುವುದಿಲ್ಲ. ಅನುಮತಿ ಇಲ್ಲದೆ ಅಲ್ಲಿನ ಸೇವೆಯನ್ನು ಪುಕ್ಕಟೆ ಪಡೆಯುವುದಕ್ಕೂ ನಿಯಮದಲ್ಲಿ ತಡೆ ಇದೆ.

ಮಗನಿಗೆ ದಾರಿ ಇಲ್ಲವೆಂದಲ್ಲ. ಕುಟುಂಬ ಭೇಟಿ, ಪತ್ರಿಕಾ ಕೆಲಸ, ಕ್ಯೂಬಾ ಜನರಿಗೆ ಬೆಂಬಲ ಹೀಗೆ 12 ಬಗೆಯ ಪ್ರಯಾಣಕ್ಕೆ ಅವಕಾಶವಿದೆ. ಬರೀ ಪ್ರವಾಸ ಅದರಲ್ಲಿಲ್ಲ. ಬೆಂಬಲದ ಬಗೆಯಲ್ಲಿ ಹೋದರೆ ಅಲ್ಲಿನವರ ಮನೆಯಲ್ಲಿ ಬಾಡಿಗೆಗೆ ಉಳಿದು, ಅವರ ಸಣ್ಣ ಅಂಗಡಿಗಳಲ್ಲಿ ಕೊಳ್ಳಬಹುದು. ಆದರೆ ದಿನವಿಡೀ ಆ ಬಗೆಯ ಚಟುವಟಿಕೆಯಲ್ಲೇ ಇರಬೇಕು, ಸುಮ್ನೆ ಸಮುದ್ರ ದಂಡೆಯಲ್ಲಿ ಕೂರುವಂತಿಲ್ಲ. ದಾಖಲೆಗಳನ್ನು 10 ವರ್ಷ ಕಾಪಾಡಬೇಕು.

ಉತ್ತರ ಕೊರಿಯಾದ ನಿರ್ಬಂಧ ಬೇರೆ. 2017ರ ಸೆಪ್ಟೆಂಬರ್‌ನಿಂದ ವಿಶೇಷ ಒಪ್ಪಿಗೆ ಇಲ್ಲದೆ ಅಮೆರಿಕದ ಪಾಸ್‌ಪೋರ್ಟೇ ಅಲ್ಲಿಗೆ ಸಲ್ಲುವುದಿಲ್ಲ.

ನಮ್ಮ ದೇಶವೂ ಹೀಗೆ ತಡೆಯಬಹುದೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ತಡೆಯಬಹುದು. 1967ರ ಪಾಸ್‌ಪೋರ್ಟ್ ಕಾಯ್ದೆಯ 19ನೇ ಕಲಮಿನಲ್ಲೇ ಆ ಅಧಿಕಾರವಿದೆ. 2017ರಲ್ಲಿ ಯುದ್ಧ ನಡೆಯುತ್ತಿದ್ದ ಯೆಮೆನ್‌ಗೆ ಹೋಗದಂತೆ ಕೇಂದ್ರ ಸರ್ಕಾರ ತಡೆ ಹಾಕಿತು. ಅದಕ್ಕೂ ಮೊದಲು, ವರ್ಣಭೇದದ ಕಾಲದಲ್ಲಿ, ನಮ್ಮ ಪಾಸ್‌ಪೋರ್ಟ್ ದಕ್ಷಿಣ ಆಫ್ರಿಕಾಕ್ಕೆ ಸಲ್ಲುತ್ತಿರಲಿಲ್ಲ. ಅಜ್ಜನ ಹಳೇ ಪಾಸ್‌ಪೋರ್ಟು ಟ್ರಂಕಿನಲ್ಲಿದ್ದರೆ ತೆಗೆದು ನೋಡಿ, ಆ ಸಾಲು ಕಂಡೀತು.