ಋಣಾತ್ಮಕ ಪುನರ್ಬಲನ ಶಿಕ್ಷೆಯಲ್ಲ

ಮನೋವಿಜ್ಞಾನದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ನಾನು ಎರಡು ಸಲ ತಪ್ಪಿದ ಪ್ರಶ್ನೆ ಇದು. ಸೀಟ್ ಬೆಲ್ಟ್ ಹಾಕುವವರೆಗೂ ಕಾರು ಕುಂಯ್ ಕುಂಯ್ ಎನ್ನುತ್ತಲೇ ಇರುತ್ತದೆ, ಹಾಕಿದ ಕೂಡಲೇ ಸುಮ್ಮನಾಗುತ್ತದೆ; ಚಾಲಕನಿಗೆ ಬೆಲ್ಟ್ ಹಾಕುವುದು ರೂಢಿಯಾಗುತ್ತದೆ. ಇದು ಏನು? ಎರಡು ಸಲವೂ ‘ಶಿಕ್ಷೆ’ ಎಂದು ಗುರುತು ಹಾಕಿದ್ದೆ. ಸರಿಯುತ್ತರ ಋಣಾತ್ಮಕ ಪುನರ್ಬಲನ.

ಎಡವಟ್ಟು ಪದದಲ್ಲೇ ಇದೆ. ‘ಋಣಾತ್ಮಕ’ ಅಂದರೆ ಕೆಟ್ಟದ್ದು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಅದು ಬರೀ ಲೆಕ್ಕದ ಕಳೆಯುವ ಚಿಹ್ನೆ: ಏನನ್ನೋ ತೆಗೆದರು, ಅಷ್ಟೆ. ಧನಾತ್ಮಕ ಅಂದರೆ ಏನನ್ನೋ ಸೇರಿಸಿದರು. ಇನ್ನು ‘ಪುನರ್ಬಲನ’ದ ಹೊಟ್ಟೆಯೊಳಗೇ ‘ಬಲ’ ಇದೆ. ವರ್ತನೆ ಹೆಚ್ಚಾದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಮೊದಲು ಇದನ್ನು ನೋಡಿ, ಆಮೇಲೆ ಕೂಡಿದ್ದೋ ಕಳೆದದ್ದೋ ನೋಡಿ.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ (1904–1990) ಅವರ ಪ್ರಯೋಗದ ಪೆಟ್ಟಿಗೆಯನ್ನೇ ತಗೊಳ್ಳಿ. ಇಲಿ ಲಿವರ್ ಒತ್ತಿದರೆ ಆಹಾರದ ಗುಳಿಗೆ ಬೀಳುತ್ತದೆ: ಧನಾತ್ಮಕ ಪುನರ್ಬಲನ. ನೆಲದಲ್ಲಿ ಕರೆಂಟ್ ಹರಿಯುತ್ತಿದೆ, ಒತ್ತಿದರೆ ನಿಲ್ಲುತ್ತದೆ: ಋಣಾತ್ಮಕ ಪುನರ್ಬಲನ. ಎರಡರಲ್ಲೂ ಇಲಿ ಒತ್ತುವುದನ್ನೇ ಕಲಿಯುತ್ತದೆ. ಒತ್ತಿದ್ದಕ್ಕೇ ಶಾಕ್ ಹೊಡೆದರೆ ಅದು ಶಿಕ್ಷೆ. ಇಲಿ ಲಿವರ್ ಕಡೆ ಸುಳಿಯುವುದಿಲ್ಲ.

ನನಗೆ ಇದು ತಲೆಗೆ ಹತ್ತಿದ್ದು ಕಿರಾಣಿ ಅಂಗಡಿ ಮುಂದೆ. ಮಗುವೊಂದು ಚಾಕೊಲೇಟಿಗಾಗಿ ನೆಲಕ್ಕೆ ಬಿದ್ದು ಹೊರಳಾಡುತ್ತಿತ್ತು. ಜನ ತಿರುಗಿ ನೋಡುತ್ತಿದ್ದಾರೆ, ಅಮ್ಮನಿಗೆ ಮುಜುಗರ. ಕೊಡಿಸಿದಳು, ಅಳು ಬಂದ್. ಮಗುವಿಗೆ ಚಾಕೊಲೇಟ್ ಸಿಕ್ಕಿತು, ಹಾಗಾಗಿ ಅಳುವುದಕ್ಕೆ ಧನಾತ್ಮಕ ಪುನರ್ಬಲನ. ಅಮ್ಮನಿಗೆ ಕಿರುಚಾಟ ತಪ್ಪಿತು, ಹಾಗಾಗಿ ಕೊಡಿಸುವುದಕ್ಕೆ ಋಣಾತ್ಮಕ ಪುನರ್ಬಲನ. ಇಬ್ಬರೂ ಒಬ್ಬರಿಗೊಬ್ಬರು ಪಾಠ ಮಾಡಿಕೊಂಡರು!

ನಾಳೆಯಿಂದ ಅಮ್ಮ ಕೊಡಿಸುವುದನ್ನೇ ನಿಲ್ಲಿಸಿದರೆ ಅಳು ಮೆಲ್ಲಗೆ ಕರಗುತ್ತದೆ. ಇದು ವಿಲೋಪನ. ಆದರೆ ಕರಗುವ ಮುಂಚೆ ಅಳು ಒಮ್ಮೆ ಜೋರಾಗುವುದುಂಟು, ಅನೇಕರು ಸೋಲುವುದು ಅಲ್ಲೇ. ಹತ್ತು ಸಲದಲ್ಲಿ ಒಮ್ಮೆ ಮಣಿದರಂತೂ ಕಷ್ಟ: ಆಗೊಮ್ಮೆ ಈಗೊಮ್ಮೆ ಸಿಗುವ ಆಂಶಿಕ ಪುನರ್ಬಲನದಿಂದ ಕಲಿತ ವರ್ತನೆ, ಪ್ರತಿ ಸಲ ಸಿಕ್ಕು ಕಲಿತದ್ದಕ್ಕಿಂತ ಗಟ್ಟಿ.

ಶಿಕ್ಷೆಯಲ್ಲೂ ಎರಡು ಬಗೆ. ಪೆಟ್ಟು ಕೊಡುವುದು ಧನಾತ್ಮಕ ಶಿಕ್ಷೆ (ಹೆಸರು ವಿಚಿತ್ರ, ಹೌದು), ಮೊಬೈಲ್ ಕಿತ್ತುಕೊಳ್ಳುವುದು ಋಣಾತ್ಮಕ ಶಿಕ್ಷೆ. ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಇದನ್ನೆಲ್ಲ ಪಾವ್ಲೋವ್ ಜೊತೆ ಕಲಸಬೇಡಿ. ಅವರು ರಷ್ಯಾದ ಶರೀರವಿಜ್ಞಾನಿ, 1904ರ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಅವರ ಶಾಸ್ತ್ರೀಯ ಅನುಬಂಧನದಲ್ಲಿ ನಾಯಿ ಊಟ ಗಿಟ್ಟಿಸಲು ಏನೂ ಮಾಡಬೇಕಿಲ್ಲ. ಸದ್ದಿನ ಹಿಂದೆಯೇ ಊಟ ಬಂದು ಬಂದು, ಬರೀ ಸದ್ದಿಗೇ ಜೊಲ್ಲು ಸುರಿಯತೊಡಗುತ್ತದೆ. ಹಾಗಂತ ಪ್ರಶ್ನೆಯಲ್ಲಿ ನಾಯಿ ಕಂಡ ಕೂಡಲೇ ಪಾವ್ಲೋವ್ ಎಂದು ಬರೆಯಬೇಡಿ. ಬಿಸ್ಕತ್ತು ಕೊಟ್ಟು ಶೇಕ್‌ಹ್ಯಾಂಡ್ ಕಲಿಸಿದ ನಾಯಿ ಸ್ಕಿನ್ನರ್ ಲೆಕ್ಕಕ್ಕೆ.